ಅಮೆರಿಕದ ಚಾಸಿ, ಧಾರವಾಡದ ಆರ್‌ಸಿ: ಒಂದು ಆರ್‌ಡಿ 350ಯ ಪ್ರಕರಣ

ಧಾರವಾಡದ ನಿವೃತ್ತ ಹೈಸ್ಕೂಲ್ ಮಾಸ್ತರ್ ಒಬ್ಬರ ಹತ್ತಿರ 1986ರ ರಾಜ್‌ದೂತ್ ಆರ್‌ಡಿ 350 ಮೋಟಾರ್‌ಸೈಕಲ್ ಇದೆ. ಮೊದಲ ಮಾಲೀಕರು ಅವರೇ. 2023ರ ಜನವರಿಯಲ್ಲಿ ಅವರ ಮಗ ಬೆಳಗಿನ ಜಾವ ಹಳಿಯಾಳ ರಸ್ತೆಯಲ್ಲಿ ಬರುತ್ತಿದ್ದಾಗ, ಕಬ್ಬು ತುಂಬಿದ ಟ್ರೇಲರ್ ಒಂದು ರಸ್ತೆ ಬದಿಗೆ ನಿಂತಿತ್ತು. ಹಿಂದೆ ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಗಾಡಿ ನೇರ ಹೋಗಿ ಗುದ್ದಿತು. ಹುಡುಗನ ಕಾಲು ಮುರಿಯಿತು. ಮೂಳೆ ಕೂಡಿಕೊಂಡು ಈಗ ಆರಾಮಾಗಿದ್ದಾನೆ. ಗಾಡಿಯ ಮುಂದಿನ ಶಾಕಪ್ ಎರಡೂ ಬಾಗಿದವು. ಚಾಸಿಯ, ಅಂದರೆ ಗಾಡಿಯ ಕಬ್ಬಿಣದ ಚೌಕಟ್ಟಿನ, ಮುಂದಿನ ಎರಡು ಪೈಪು ಹಿಂದಕ್ಕೆ ಒತ್ತಿಕೊಂಡವು. ಬಲಗಡೆಯ ಪೈಪು ಹೆಡ್‌ಸ್ಟಾಕ್‌ನ (ಹ್ಯಾಂಡಲ್ ತಿರುಗುವ ಕೊಳವೆ) ಕೆಳಗೆ ಸೀಳಿತು.

ಹಳೆಯ ಗಾಡಿಗಳ ಬಿಡಿಭಾಗ, ಕಾಗದಪತ್ರ ಅಂತ ಓಡಾಡುವವರಿಗೆ ನಾನು ಜೊತೆಯಾಗುತ್ತೇನೆ. ಮಾಸ್ತರ್ ಫೋನ್ ಮಾಡಿದಾಗ ಅವರ ಮಗ ಆಗಲೇ ಒಂದು ದಾರಿ ಹುಡುಕಿಟ್ಟಿದ್ದ. ಅಮೆರಿಕದಲ್ಲಿ ಆರ್‌ಡಿ 350ಯ ಚಾಸಿ ಸಿಗುತ್ತದೆ, ಅದೂ ಸರಕಾರಿ ಕಾಗದದ ಸಮೇತ. ಅದನ್ನು ತರಿಸಿ, ಎಂಜಿನ್ ಕೂರಿಸಿ, ಕಾಗದ ತೋರಿಸಿದರೆ ಎಲ್ಲ ಕಾನೂನುಬದ್ಧ ಅಲ್ವಾ ಅನ್ನುವುದು ಅವನ ಲೆಕ್ಕ. ಮಾಸ್ತರ್ ಹಾಕಿಕೊಂಡ ಮಿತಿ 60,000 ರೂಪಾಯಿ. "ಅದಕ್ಕಿಂತ ಒಂದ್ ರೂಪಾಯಿ ಜಾಸ್ತಿ ಆದ್ರೂ ಮನ್ಯಾಗ ಒಪ್ಪೂದಿಲ್ರಿ" ಅಂದರು.

ಈ ಪ್ರಕರಣವನ್ನು ಪೂರ್ತಿ ಬರೆಯಲು ಕಾರಣವಿದೆ. ಇದೇ ಆಸೆ ಹೊತ್ತು ಬರುವವರು ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಬಹಳ ಜನ ಇದ್ದಾರೆ. ಬಹುತೇಕರು ಮೊದಲು ದುಡ್ಡು ಕಳಿಸುತ್ತಾರೆ, ಆಮೇಲೆ ಕಾನೂನು ಕೇಳುತ್ತಾರೆ. ಈ ಕ್ರಮ ತಿರುವುಮುರುವು ಆಗಬೇಕು.

ಅಮೆರಿಕದಲ್ಲೇ ಯಾಕೆ ಹುಡುಕಿದರು

1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾ ಸಹಯೋಗದಲ್ಲಿ ಈ ಗಾಡಿಯನ್ನು ಇಲ್ಲಿ ತಂದಿತು. 347 ಸಿಸಿ, ಟೂ-ಸ್ಟ್ರೋಕ್, ಎರಡು ಸಿಲಿಂಡರ್, ಆರು ಗೇರ್. ಪೆಟ್ರೋಲ್ ಕುಡಿಯುತ್ತದೆ, ಬೆಲೆ ಜಾಸ್ತಿ ಅಂತ ಆಗ ಜನ ದೂರ ಇಟ್ಟರು. ಹೀಗಾಗಿ ಮಾರಾಟವಾದದ್ದೇ ಕಡಿಮೆ. ತಯಾರಿಕೆ ನಿಂತು ಮೂರು ದಶಕ ದಾಟಿತು. ಈಗ ಅದೇ ಗಾಡಿಗೆ ಬೆಲೆ ಬಂದಿದೆ, ಚಾಸಿಗೆ ಇನ್ನೂ ಜಾಸ್ತಿ ಬಂದಿದೆ.

ಅಮೆರಿಕದಲ್ಲಿ ಯಮಹಾ ಇದರ ಮೂಲ ಮಾದರಿಯನ್ನು 1973ರಿಂದ 1975ರವರೆಗೆ ಮಾರಿತ್ತು. ಅಲ್ಲಿಯ ಗ್ಯಾರೇಜುಗಳಲ್ಲಿ ಬಿಚ್ಚಿಟ್ಟ ಚಾಸಿಗಳು ಇವತ್ತಿಗೂ ಹೊರಬರುತ್ತವೆ. ಅಲ್ಲಿ ಗಾಡಿಯ ಮಾಲೀಕತ್ವದ ಕಾಗದಕ್ಕೆ ಟೈಟಲ್ ಅನ್ನುತ್ತಾರೆ. ಅದನ್ನು ಕೊಡುವುದು ಆಯಾ ರಾಜ್ಯ. ಟೈಟಲ್ ಇರುವ ಚಾಸಿಗೆ ಒಂದು ಬೆಲೆ, ಇಲ್ಲದ್ದಕ್ಕೆ ಇನ್ನೊಂದು. ಈ ಹುಡುಗ ನೋಡಿದ ಚಾಸಿಗೆ ಟೈಟಲ್ ಸಮೇತ 450 ಡಾಲರ್ ಹೇಳಿದ್ದರು. ಅಂಥದ್ದೇ ಟೈಟಲ್ ಇಲ್ಲದ್ದು 250ಕ್ಕೆ ಇತ್ತು. ಜಪಾನ್‌ನಲ್ಲೂ ಹಾಗೇ, ಕಾಗದ ಇರುವ ಚಾಸಿಯನ್ನು ಬೇರೆಯಾಗಿಯೇ ಮಾರುತ್ತಾರೆ. ಬ್ರಿಟನ್‌ನಲ್ಲಿ ವಿ5ಸಿ ಅನ್ನುವ ನೋಂದಣಿ ಪುಸ್ತಕ ಇದ್ದರೆ ಬೆಲೆ ಏರುತ್ತದೆ. ಎಲ್ಲ ಕಡೆಯೂ ಕಾಗದ ಅಂಟಿಕೊಂಡಿರುವುದು ಚಾಸಿಯ ನಂಬರಿಗೆ. ನಮ್ಮಲ್ಲೂ ಅಷ್ಟೇ.

ತೊಡಕು ಇರುವುದೂ ಅಲ್ಲೇ. ಆ 450 ಡಾಲರಿನಲ್ಲಿ 200 ಡಾಲರ್ ಕಾಗದಕ್ಕೆ ಹೋಗುತ್ತದೆ. ಆ ಕಾಗದ ಅಲ್ಲಿಯ ರಾಜ್ಯದ ರಸ್ತೆಗೆ ಮಾತ್ರ ಬೆಲೆಬಾಳುತ್ತದೆ. ಧಾರವಾಡದ ಕೆಎ-25 ಕಚೇರಿಯಲ್ಲಿ ಅದನ್ನು ಇಟ್ಟು ಇಲ್ಲಿಯ ಆರ್‌ಸಿಯಲ್ಲಿ ಚಾಸಿ ನಂಬರ್ ಬದಲಿಸಿಕೊಡಿ ಅನ್ನಲು ಬರುವುದಿಲ್ಲ. ಹೊರದೇಶದ ಚಾಸಿ ನಂಬರಿನ ಮೇಲೆ ಇಲ್ಲಿ ಹೊಸ ನೋಂದಣಿ ಆಗಬೇಕೆಂದರೆ ಅದು ಆಮದು ಮಾಡಿದ ಇಡೀ ವಾಹನ ಆಗಿರಬೇಕು. ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ (ಆಮದಿನ ದಾಖಲೆ) ಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ಪುಣೆಯ ಎಆರ್‌ಎಐನಂಥ ಸಂಸ್ಥೆಯಿಂದ ಮಾದರಿಯ ಪರೀಕ್ಷೆ, ಹೊಗೆಯ ಮಿತಿ, ಇವೆಲ್ಲ ಬರುತ್ತವೆ. ಬರೀ ಒಂದು ಹಳೆಯ ಟೂ-ಸ್ಟ್ರೋಕ್ ಚಾಸಿಗೆ ಆ ಬಾಗಿಲು ತೆರೆಯುವುದಿಲ್ಲ.

ಕಳವಿನ ಗಾಡಿಯದೋ ಅಲ್ಲವೋ ಅಂತ ನೋಡುವುದೂ ಸುಲಭವಿಲ್ಲ. ಅಮೆರಿಕದಲ್ಲಿ 17 ಅಕ್ಷರದ ವಿನ್ (ಗಾಡಿಯ ಗುರುತಿನ) ನಂಬರ್ ಕಡ್ಡಾಯವಾದದ್ದು 1981ರ ಮಾದರಿಗಳಿಂದ. ಅಲ್ಲಿಯ ಪುಕ್ಕಟೆ ಕಳವು-ತಪಾಸಣೆ ಸೇವೆ ಕೇಳುವುದು ಆ 17 ಅಕ್ಷರ. 1973-75ರ ಆರ್‌ಡಿಯ ನಂಬರ್ ಅದಕ್ಕಿಂತ ಗಿಡ್ಡ. ಮಾರುವವರ ಮಾತೇ ಗತಿ.

ಕಸ್ಟಮ್ಸ್‌ನ ಲೆಕ್ಕ

ಇಷ್ಟು ಹೇಳಿದರೂ ಹುಡುಗನಿಗೆ ಆಸೆ ಬಿಡಲಿಲ್ಲ. "ಅಣ್ಣಾ, ಬರೇ ಬಿಡಿಭಾಗ ಅಂತ ತರಿಸೋಣು, ಕಾಗದದ ಮಾತು ಆಮ್ಯಾಲ ನೋಡೋಣು" ಅಂದ. ಸರಿ, ಖರ್ಚಾದರೂ ಎಷ್ಟು ಬರುತ್ತದೆ ನೋಡೋಣ ಅಂತ ಕೂತೆವು.

ಚಾಸಿಯ ತೂಕ ಹದಿನೈದು ಕಿಲೋ ಆಸುಪಾಸು. ಆದರೆ ಕೊರಿಯರ್‌ನವರು ತೂಕಕ್ಕಿಂತ ಡಬ್ಬಿ ಹಿಡಿಯುವ ಜಾಗ ನೋಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಮಾರುವವರು ಕೊಟ್ಟ ಡಬ್ಬಿಯ ಅಳತೆ 110, 40, 65. ಗುಣಿಸಿದರೆ 2,86,000. ಭಾಗಿಸಿದರೆ 57.2 ಕಿಲೋ. ಹದಿನೈದು ಕಿಲೋ ಕಬ್ಬಿಣಕ್ಕೆ ಐವತ್ತೇಳು ಕಿಲೋದ ಬಾಡಿಗೆ. ಒಳಗಿರುವುದು ಬಹುತೇಕ ಗಾಳಿ, ಆದರೆ ಗಾಳಿಗೂ ದುಡ್ಡು. ಬಂದ ದರ 520 ಡಾಲರ್, ಅಂದರೆ ಚಾಸಿಗಿಂತ ಸಾಗಣೆಯೇ ದುಬಾರಿ.

ಆಗ ಡಾಲರ್ ಸುಮಾರು 82 ರೂಪಾಯಿ. ಚಾಸಿ 36,900, ಸಾಗಣೆ 42,640, ಒಟ್ಟು 79,540. ಸುಂಕ ಬೀಳುವುದು ಚಾಸಿಯ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆಯೂ ಸೇರಿದ ಮೊತ್ತದ ಮೇಲೆ. ಇದನ್ನು ಬಹಳ ಜನ ಮರೆಯುತ್ತಾರೆ. 2023ರಲ್ಲಿ ವೈಯಕ್ತಿಕ ಬಳಕೆಗೆ ಅಂತ ಕೊರಿಯರ್‌ನಲ್ಲಿ ತರಿಸುವ ವಸ್ತುವಿಗೆ ಮೂಲ ಸುಂಕ ಶೇ 35 ಇತ್ತು. ಆ ಸುಂಕದ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್. ಬೆಲೆ, ಸಾಗಣೆಗೆ ಇವೆರಡನ್ನೂ ಸೇರಿಸಿದ ಮೊತ್ತದ ಮೇಲೆ ಶೇ 28 ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ. ಎಲ್ಲ ಕೂಡಿದರೆ ಶೇ 77.28. ನಮ್ಮ ಲೆಕ್ಕಕ್ಕೆ ಹಾಕಿದರೆ ಸುಂಕವೇ 61,468 ರೂಪಾಯಿ. ಚಾಸಿ ಮನೆ ಬಾಗಿಲಿಗೆ ಬರುವಷ್ಟರಲ್ಲಿ 1,41,000 ದಾಟುತ್ತದೆ. ಮಾಸ್ತರ್ ಅವರ ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ.

ದರಗಳು ಆಮೇಲೆ ಬದಲಾಗಿವೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಯಾವುದೇ ವರ್ಷ ತರಿಸುವುದಿದ್ದರೂ ಲೆಕ್ಕ ಹಾಕುವ ಕ್ರಮ ಇದೇ: ಬೆಲೆ, ಸಾಗಣೆ, ವಿಮೆ ಕೂಡಿಸಿ, ಅದರ ಮೇಲೆ ಸುಂಕ, ಸುಂಕದ ಮೇಲೆ ಸರ್‌ಚಾರ್ಜ್, ಕೊನೆಗೆ ಎಲ್ಲದರ ಮೇಲೆ ಐಜಿಎಸ್‌ಟಿ. ಆ ದಿನದ ದರ ಹಾಕಿಕೊಂಡರೆ ಆಯಿತು.

ಹಡಗಿನಲ್ಲಿ ತರಿಸಿದರೆ ಅಗ್ಗ ಅಲ್ವಾ ಅಂತ ಮಾಸ್ತರ್ ಕೇಳಿದರು. ದೊಡ್ಡ ಸರಕಿಗೆ ಹೌದು. ನಮ್ಮ ಡಬ್ಬಿ 0.286 ಘನ ಮೀಟರ್. ಹಂಚಿಕೆಯ ಕಂಟೇನರಿನಲ್ಲಿ ಸಾಮಾನ್ಯವಾಗಿ ಕನಿಷ್ಠ ಒಂದು ಘನ ಮೀಟರಿನ ಬಾಡಿಗೆ ಹಿಡಿಯುತ್ತಾರೆ. ಬಂದರಿನ ಶುಲ್ಕ, ಗೋದಾಮಿನ ಶುಲ್ಕ, ಕಸ್ಟಮ್ಸ್ ಏಜೆಂಟರ ಫೀ, ಆಮೇಲೆ ಬಂದರಿನಿಂದ ಹುಬ್ಬಳ್ಳಿಗೆ ಲಾರಿ. ಒಂದೇ ಚಾಸಿಗೆ ಇಷ್ಟೆಲ್ಲ ಹೊಂದುವುದಿಲ್ಲ.

ದುಡ್ಡಿಗಿಂತ ದೊಡ್ಡ ಅಡ್ಡಿ ಬೇರೆ ಇತ್ತು. 2023ರ ವಿದೇಶಿ ವ್ಯಾಪಾರ ನೀತಿಯ 2.31ನೇ ಪ್ಯಾರಾ ಪ್ರಕಾರ, ಯಂತ್ರೋಪಕರಣದಂಥ ಬಂಡವಾಳ ಸರಕು ಬಿಟ್ಟು ಉಳಿದ ಬಳಸಿದ ವಸ್ತುಗಳ ಆಮದಿಗೆ ಮೊದಲೇ ಅನುಮತಿ ಬೇಕು. ಹೊಸ ಬಿಡಿಭಾಗಕ್ಕೆ ಈ ತೊಂದರೆ ಇಲ್ಲ. ಹಳೆಯ ಚಾಸಿಗೆ ಇದೆ. ಅನುಮತಿ ಇಲ್ಲದೆ ಬಂದ ಸರಕು ಕಸ್ಟಮ್ಸ್‌ನಲ್ಲಿ ನಿಂತರೆ ದಂಡ, ಗೋದಾಮಿನ ಬಾಡಿಗೆ, ಕೊನೆಗೆ ಮುಟ್ಟುಗೋಲು. ಕಳಿಸಿದ ದುಡ್ಡು ಅಮೆರಿಕದಿಂದ ವಾಪಸ್ ಬರುವುದಿಲ್ಲ.

ಇಲ್ಲಿ ಜನ ಹೇಳಿಕೊಡುವ ಅಡ್ಡದಾರಿ ಎರಡು. ಅಲ್ಲಿರುವ ಸಂಬಂಧಿಕರಿಂದ ಉಡುಗೊರೆ ಅಂತ ಬರೆಸಿ ಕಳಿಸಿಕೊಳ್ಳಿ ಅನ್ನುತ್ತಾರೆ. ಅಂಚೆ, ಕೊರಿಯರ್ ಮೂಲಕ ಉಡುಗೊರೆ ಹೆಸರಿನಲ್ಲಿ ಸುಂಕವಿಲ್ಲದೆ ವಸ್ತು ತರಿಸುವುದನ್ನು 2019ರ ಡಿಸೆಂಬರ್‌ನಲ್ಲೇ ನಿಷೇಧಿಸಿದ್ದಾರೆ. ಜೀವ ಉಳಿಸುವ ಔಷಧಿಗೆ, ರಾಖಿಗೆ ಮಾತ್ರ ವಿನಾಯಿತಿ. ಇನ್ನೊಂದು ಸಲಹೆ, ಇಡೀ ಗಾಡಿಯನ್ನೇ ಬಿಚ್ಚಿ ಬೇರೆ ಬೇರೆ ಡಬ್ಬಿಯಲ್ಲಿ ತರಿಸುವುದು. ಕಸ್ಟಮ್ಸ್ ವರ್ಗೀಕರಣದ 2(ಎ) ನಿಯಮದ ಪ್ರಕಾರ, ಬಿಚ್ಚಿದ್ದರೂ ಅಪೂರ್ಣವಿದ್ದರೂ ಇಡೀ ವಸ್ತುವಿನ ಮುಖ್ಯ ಗುಣ ಇದ್ದರೆ ಅದನ್ನು ಇಡೀ ವಸ್ತು ಅಂತಲೇ ಹಿಡಿಯುತ್ತಾರೆ. ಆಗ ಅದು ಬಳಸಿದ ಮೋಟಾರ್‌ಸೈಕಲ್. 2023ರಲ್ಲಿ ಹಾಗೆ ತರಿಸಿದ್ದರೆ ಬಳಸಿದ ವಾಹನ ಮೂರು ವರ್ಷಕ್ಕಿಂತ ಹಳೆಯದಿರಬಾರದು ಅನ್ನುವ ನಿಯಮ ಮೈಮೇಲೆ ಬೀಳುತ್ತಿತ್ತು. ಈ ಎರಡು ದಾರಿಯನ್ನೂ ಯಾರೂ ಹಿಡಿಯಬಾರದು ಅಂತ ಕೈಮುಗಿದು ಹೇಳುತ್ತೇನೆ.

ಊರಲ್ಲೇ ಸಿಗುವ ಅಗ್ಗದ ಅಪಾಯ

ಅಮೆರಿಕ ಬಿಟ್ಟ ಮೇಲೆ ಹುಬ್ಬಳ್ಳಿಯ ಗುಜರಿ ಕಡೆ ಕಣ್ಣು ಹೋಯಿತು. ಒಬ್ಬರು ಆರ್‌ಡಿಯ ಆರ್‌ಸಿ ಮತ್ತು ಚಾಸಿ ನಂಬರ್ ಇರುವ ತುಂಡು ಎರಡನ್ನೂ 40,000ಕ್ಕೆ ಕೊಡುತ್ತೇನೆ ಅಂದರು. ಗಾಡಿ ಇಲ್ಲ, ಬರೀ ಕಾಗದ ಮತ್ತು ಅಂಗೈಯಗಲದ ಕಬ್ಬಿಣ. ಅದನ್ನು ಯಾವುದೋ ಚಾಸಿಗೆ ಬೆಸೆದುಕೊಳ್ಳಿ, ಕೆಲಸ ಮುಗಿಯಿತು ಅನ್ನುವ ವ್ಯಾಪಾರ.

ಮಿತಿಯೊಳಗೆ ಬರುವುದು ಇದೊಂದೇ ಅಂತ ಮಾಸ್ತರ್ ಸ್ವಲ್ಪ ಯೋಚನೆಗೆ ಬಿದ್ದರು. ನಾನು ಖಡಾಖಂಡಿತ ಬೇಡ ಅಂದೆ. ನಂಬರ್ ಕೆತ್ತಿದ ತುಂಡು ಕತ್ತರಿಸಿ ಬೇರೆ ಚಾಸಿಗೆ ಹಚ್ಚುವುದು ಕಳವಿನ ಗಾಡಿಗೆ ಹೊಸ ಹುಟ್ಟು ಕೊಡುವ ಕೆಲಸ. ನಂಬರನ್ನು ಅರದಿಂದ ಉಜ್ಜಿ ಬೇರೆ ಹೊಡೆದರೂ ತಪ್ಪಿಸಿಕೊಳ್ಳಲಾಗುವುದಿಲ್ಲ. ಅಚ್ಚು ಹೊಡೆದಾಗ ಅಕ್ಷರದ ಕೆಳಗಿನ ಲೋಹ ಒತ್ತಿಕೊಂಡಿರುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆಸಿಡ್ ಹಚ್ಚಿದರೆ ಉಜ್ಜಿದ ಹಳೆಯ ನಂಬರ್ ಮತ್ತೆ ಮೂಡುತ್ತದೆ. ಆ ತುಂಡು ಯಾವ ಗಾಡಿಯದು, ಅದರ ಉಳಿದ ಭಾಗ ಎಲ್ಲಿದೆ, ಯಾವ ಕೇಸಿನಲ್ಲಿದೆ ಅಂತ ಕೊಳ್ಳುವವರಿಗೆ ಏನೂ ಗೊತ್ತಿರುವುದಿಲ್ಲ. ಪೊಲೀಸರು ಬಂದಾಗ ಬಾಗಿಲು ತೆರೆಯುವವರು ಮಾತ್ರ ಅವರೇ.

ಕಾನೂನಿನಂತೆ ಇರುವ ದಾರಿ ಇನ್ನೊಂದಿತ್ತು. ಚಾಲ್ತಿ ಆರ್‌ಸಿ ಇರುವ, ಓಡದೆ ನಿಂತ ಇಡೀ ಆರ್‌ಡಿಯನ್ನು ಕೊಂಡು, ಫಾರ್ಮ್ 29, 30 ಕೊಟ್ಟು ಹೆಸರಿಗೆ ಮಾಡಿಸಿಕೊಂಡು, ಅದರಲ್ಲಿ ನಮ್ಮ ಗಾಡಿಯ ಎಂಜಿನ್ ಕೂರಿಸಲು ಅನುಮತಿ ಕೇಳುವುದು. ಯಜ್ಡಿಯಂಥ ಗಾಡಿಗೆ ನಾನು ಇದನ್ನೇ ಹೇಳುತ್ತೇನೆ, ಯಾಕಂದರೆ ಮೈಸೂರಿನಲ್ಲಿ ತಯಾರಾದ ಆ ಗಾಡಿಗಳು ನಮ್ಮ ಕಡೆ ಇನ್ನೂ ಸಿಗುತ್ತವೆ. ಆರ್‌ಡಿಗೆ ಗದಗಿನಲ್ಲಿ ಕೇಳಿದ ಬೆಲೆ ಎರಡೂವರೆ ಲಕ್ಷ. ಆ ಮಾತು ಅಲ್ಲಿಗೇ ಮುಗಿಯಿತು. ಮಾಸ್ತರ್ ಅವರಿಗೆ ಬೇರೆ ಗಾಡಿ ಬೇಕೂ ಇರಲಿಲ್ಲ. ಬೇಕಾಗಿದ್ದದ್ದು ಇದೇ ಗಾಡಿ, ಮೂರಕ್ಷರದಿಂದ ಶುರುವಾಗುವ ಇದೇ ಹಳೆಯ ನೋಂದಣಿ ನಂಬರ್.

ನಂಬರ್ ಇರುವ ಕಬ್ಬಿಣ ಉಳಿಸುವುದು

ಇಷ್ಟಾದ ಮೇಲೆ ಪ್ರಶ್ನೆ ಬದಲಾಯಿತು. ಚಾಸಿ ಎಲ್ಲಿ ಸಿಗುತ್ತದೆ ಅನ್ನುವುದನ್ನು ಬಿಟ್ಟು, ಈ ಚಾಸಿಯಲ್ಲಿ ಎಷ್ಟು ಉಳಿದಿದೆ ಅಂತ ನೋಡಲು ಶುರು ಮಾಡಿದೆವು. ನಿಜ ಹೇಳಬೇಕೆಂದರೆ ಇಂಥ ಪ್ರಕರಣದಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಅಪಘಾತವಾದ ಗಾಡಿ ನೋಡಿದ ಕೂಡಲೇ ಚಾಸಿ ಹೋಯಿತು ಅಂದುಬಿಡುತ್ತಾರೆ. ಹೋಗಿರುವುದು ಎರಡು ಪೈಪು ಇರಬಹುದು.

ಮೊದಲು ಆರ್‌ಟಿಒ ಕಚೇರಿಯಿಂದ ಬಿ-ಎಕ್ಸ್‌ಟ್ರಾಕ್ಟ್ ತೆಗೆಸಿದೆವು. ನೋಂದಣಿ ಪುಸ್ತಕದಲ್ಲಿ ಮೊದಲಿನಿಂದ ಏನು ಬರೆದಿದೆ ಅನ್ನುವುದರ ನಕಲು ಅದು. ಆಮೇಲೆ ಚಾಸಿ ನಂಬರ್ ಕೆತ್ತಿರುವ ಹೆಡ್‌ಸ್ಟಾಕ್ ಮೇಲಿನ ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ, ಬಟ್ಟೆಯಿಂದ ಒರೆಸಿ ತೆಗೆದೆವು. ಗ್ರೈಂಡರ್, ವೈರ್ ಬ್ರಷ್, ಎಮರಿ ಕಾಗದ ಯಾವುದೂ ನಂಬರಿನ ಹತ್ತಿರ ಬರಕೂಡದು. ನಂಬರ್ ಮಾಸಿದರೆ ಅದನ್ನು ಉಜ್ಜಿದ್ದು ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಆಡಿಸಿದಾಗ ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬಂತು. ಇನ್‌ಸ್ಪೆಕ್ಟರ್ ಕೂಡ ಹೀಗೇ ಟ್ರೇಸಿಂಗ್ ತೆಗೆಯುತ್ತಾರೆ. ಬಿ-ಎಕ್ಸ್‌ಟ್ರಾಕ್ಟ್, ಆರ್‌ಸಿ, ಟ್ರೇಸಿಂಗ್ ಮೂರೂ ತಾಳೆಯಾದವು. ಹೆಡ್‌ಸ್ಟಾಕ್ ಕೊಳವೆ ಸೀಳಿರಲಿಲ್ಲ, ಹ್ಯಾಂಡಲ್ ತಿರುಗಲು ಗುಂಡುಗಳು ಉರುಳುವ ಬಾಲ್ ರೇಸ್ ಕೂರುವ ಜಾಗ ದುಂಡಗೇ ಇತ್ತು.

ಇಲ್ಲಿ ಕಾನೂನಿನ ಗೆರೆ ಎಲ್ಲಿದೆ ಅಂತ ಹೇಳಬೇಕು. ಮೋಟಾರು ವಾಹನ ಕಾಯಿದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ಹೊಂದದ ಹಾಗೆ ಗಾಡಿಯನ್ನು ಮಾರ್ಪಾಡು ಮಾಡುವಂತಿಲ್ಲ. ಮಾರ್ಪಾಡು ಅಂದರೆ ಗಾಡಿಯ ಮೂಲ ಲಕ್ಷಣವೇ ಬದಲಾಗುವಂಥ ರಚನೆಯ ಬದಲಾವಣೆ ಅಂತ ಅದೇ ಕಲಂ ವಿವರಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಅನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು. ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಮುರಿದ ಪೈಪನ್ನು ಅದೇ ಅಳತೆಯಲ್ಲಿ, ಅದೇ ಜಾಗದಲ್ಲಿ ಕೂರಿಸುವುದು ರಿಪೇರಿ. ನಂಬರ್ ಇರುವ ಭಾಗ ತೆಗೆದು ಬೇರೆಯದು ಹಾಕುವುದು ರಿಪೇರಿ ಅಲ್ಲ.

ಇದು ನಮ್ಮ ತಿಳಿವಳಿಕೆ. ಕಚೇರಿಯ ತಿಳಿವಳಿಕೆಯೂ ಇದೇ ಇರಬೇಕಲ್ಲ. ಹಾಗಾಗಿ ಕೆಲಸ ಶುರುವಾಗುವ ಮುಂಚೆಯೇ ಮಾಸ್ತರ್ ಕೈಬರಹದಲ್ಲಿ ಅರ್ಜಿ ಕೊಟ್ಟರು. ಅಪಘಾತದ ಪೊಲೀಸ್ ದಾಖಲೆ, ಬಿ-ಎಕ್ಸ್‌ಟ್ರಾಕ್ಟ್, ನಂಬರಿನ ಟ್ರೇಸಿಂಗ್, ಮುರಿದ ಪೈಪಿನ ಫೋಟೋ, ಯಾವ ಭಾಗ ಬದಲಾಗುತ್ತದೆ, ಯಾವುದು ಹಾಗೇ ಉಳಿಯುತ್ತದೆ ಅನ್ನುವ ಚಿತ್ರ, ಎಲ್ಲ ಲಗತ್ತಿಸಿದರು. ಸ್ವೀಕೃತಿಯ ಸೀಲ್ ಹಾಕಿಸಿಕೊಂಡರು. ಇನ್‌ಸ್ಪೆಕ್ಟರ್ ಗಾಡಿ ನೋಡಿ, "ನಂಬರಿಗೆ ಕೈ ಹಚ್ಚಬ್ಯಾಡ್ರಿ ಮಾಸ್ತರ್. ಕೆಲಸ ಮುಗಿದ ಮ್ಯಾಲೆ ಬಣ್ಣ ಹಚ್ಚೂಕಿಂತ ಮೊದಲ ತಂದು ತೋರಸ್ರಿ" ಅಂದರು. ಬಣ್ಣಕ್ಕೆ ಮೊದಲು ತೋರಿಸಿ ಅಂದದ್ದು ಬಹಳ ಒಳ್ಳೆಯ ಮಾತು. ಬೆಸುಗೆ ಎಲ್ಲಿದೆ ಅಂತ ಬರಿಗಣ್ಣಿಗೆ ಕಾಣುತ್ತದೆ, ಮುಚ್ಚಿಡಲು ಏನೂ ಉಳಿಯುವುದಿಲ್ಲ.

ಬೆಸುಗೆ

ಹುಬ್ಬಳ್ಳಿಯಲ್ಲಿ ಒಳ್ಳೆಯ ಬೆಸುಗೆಗಾರರಿಗೆ ಬರ ಇಲ್ಲ. ಒಂದು ಕಡೆ ರೈಲ್ವೆ ವರ್ಕ್‌ಶಾಪ್, ಇನ್ನೊಂದು ಕಡೆ ಗೋಕುಲ ರಸ್ತೆ, ತಾರಿಹಾಳದ ವಾಲ್ವ್ ತಯಾರಿಸುವ ಘಟಕಗಳು. ಅಲ್ಲೆಲ್ಲ ಬೆಸುಗೆ ಅಂದರೆ ಅಂದಾಜಿನ ಕೆಲಸ ಅಲ್ಲ, ಪರೀಕ್ಷೆಗೆ ನಿಲ್ಲುವ ಕೆಲಸ. ಮೋಟಾರ್‌ಸೈಕಲ್ ಚಾಸಿಯನ್ನು ರಸ್ತೆ ಬದಿಯ ಗೇಟು, ಗ್ರಿಲ್ ಮಾಡುವ ಅಂಗಡಿಯಲ್ಲಿ ಆರ್ಕ್ ಹಿಡಿದು ಅಂಟಿಸುವುದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಮಗೆ ಸಿಕ್ಕಿದವರು ವರ್ಕ್‌ಶಾಪಿನಿಂದ ನಿವೃತ್ತರಾದ ಒಬ್ಬ ಕಾಕಾ. ಟಿಗ್ (ಆರ್ಗಾನ್ ಗ್ಯಾಸಿನ) ಬೆಸುಗೆಯಲ್ಲಿ ಪಳಗಿದ ಕೈ.

ಕಾಕಾ ಮೊದಲ ದಿನ ಬೆಂಕಿಯನ್ನೇ ಮುಟ್ಟಲಿಲ್ಲ. "ಅಳತಿ ಇಲ್ದ ಹ್ಯಾಂಗ ಹಚ್ಚಲಿ ತಮ್ಮಾ, ಮೊದಲ ಸರಿ ಇರೋ ಚಾಸಿ ಒಂದ ತೊಗೊಂಡ ಬಾ" ಅಂದರು. ಹಾವೇರಿಯ ಒಬ್ಬ ಆರ್‌ಡಿ ಮಾಲೀಕರು ತಮ್ಮ ಗಾಡಿಯನ್ನು ಬಣ್ಣಕ್ಕೆ ಅಂತ ಪೂರ್ತಿ ಬಿಚ್ಚಿಟ್ಟಿದ್ದರು. ಅವರ ಚಾಸಿಯನ್ನು ಎರವಲು ತಂದು, ಅದರ ಅಳತೆಗೆ ದಪ್ಪ ತಗಡಿನ ಮೇಲೆ ಒಂದು ಜಿಗ್, ಅಂದರೆ ಚಾಸಿಯನ್ನು ಅಳತೆಗೆ ಹಿಡಿದಿಡುವ ಚೌಕಟ್ಟು, ಕಟ್ಟಿದರು. ಹೆಡ್‌ಸ್ಟಾಕ್ ಒಳಗೆ ಹೋಗುವ ನೇರ ಶಾಫ್ಟ್ ಒಂದು, ಹಿಂದಿನ ಚಕ್ರ ಹಿಡಿಯುವ ಸ್ವಿಂಗ್‌ಆರ್ಮ್‌ನ ಪಿವಟ್‌ಗೆ ಇನ್ನೊಂದು, ಎಂಜಿನ್ ಬೋಲ್ಟುಗಳ ಜಾಗಕ್ಕೆ ಪಿನ್ನುಗಳು. ನಮ್ಮ ಚಾಸಿಯನ್ನು ಅದೇ ಜಿಗ್ ಮೇಲೆ ಇಟ್ಟಾಗ ಎಂಜಿನ್ ಪಿನ್ನುಗಳು, ಪಿವಟ್ ಶಾಫ್ಟ್ ಎಲ್ಲ ಸಲೀಸಾಗಿ ಕೂತವು. ಹೆಡ್‌ಸ್ಟಾಕ್ ಮಾತ್ರ ಹಿಂದಕ್ಕೆ ವಾಲಿತ್ತು, ಸ್ವಲ್ಪ ಎಡಕ್ಕೆ ತಿರುಗಿತ್ತು. ಅಂದರೆ ಪೆಟ್ಟು ಮುಂದಿನ ಪೈಪುಗಳಲ್ಲೇ ಮುಗಿದಿತ್ತು. ಈ ಪ್ರಕರಣ ಗೆದ್ದದ್ದು ಆ ಹೊತ್ತಿನಲ್ಲಿ ಅಂತ ನಾನು ತಿಳಿದಿದ್ದೇನೆ.

ಎರಡೂ ಪೈಪುಗಳನ್ನು, ಹೆಡ್‌ಸ್ಟಾಕ್‌ಗೆ ಬಲ ಕೊಡುವ ಗಸೆಟ್ ತಗಡಿನ ಕೆಳಗಿನಿಂದ ಕತ್ತರಿಸಿದರು. ಕತ್ತರಿಸಿದ ಮೇಲೆ ಹೆಡ್‌ಸ್ಟಾಕ್ ಅನ್ನು ಜಾಕ್ ಇಟ್ಟು ನಿಧಾನಕ್ಕೆ ತಳ್ಳಿ ಜಿಗ್‌ನ ಶಾಫ್ಟಿಗೆ ತಂದರು, ಕಾಸದೆ, ತಣ್ಣಗಿದ್ದಂತೆಯೇ. ಹೊಸ ಪೈಪು ಅದೇ ಹೊರ ವ್ಯಾಸ, ಅದೇ ದಪ್ಪದ ಸೀಮ್‌ಲೆಸ್, ಅಂದರೆ ಉದ್ದಕ್ಕೆ ಜೋಡಣೆಯ ಗೆರೆ ಇಲ್ಲದ್ದು. ಪ್ರತಿ ಜೋಡಣೆಯ ಒಳಗೆ ಒಂದು ಗಿಡ್ಡ ಕೊಳವೆ ಬಿಗಿಯಾಗಿ ಕೂರಿಸಿದರು. ಕತ್ತರಿಸಿದ ಅಂಚು ನೇರ ಇರಲಿಲ್ಲ, ಓರೆ ಇತ್ತು. ನೇರ ಅಂಚಿದ್ದರೆ ಬೆಸುಗೆಯ ಗೆರೆ ಪೂರ್ತಿ ಒಂದೇ ಸುತ್ತಿಗೆ ಬಂದು, ನಡುಕಕ್ಕೆ ಅದೇ ಗೆರೆಯಲ್ಲಿ ಬಿರುಕು ಬಿಡಬಹುದು. ನಂಬರಿನ ಮೇಲೆ ಒದ್ದೆ ಬಟ್ಟೆ ಸುತ್ತಿದ್ದರು. ಒಂದು ಕಡೆ ಒಂದಿಷ್ಟು, ಎದುರು ಕಡೆ ಒಂದಿಷ್ಟು, ಹೀಗೆ ಬಿಟ್ಟು ಬಿಟ್ಟು ಬೆಸೆದರು. ಬೇಗ ಆರಲಿ ಅಂತ ಹುಡುಗ ನೀರು ತಂದಾಗ ಗದರಿಸಿ ಕಳಿಸಿದರು. ತಾನಾಗಿ ಆರಬೇಕು, ಇಲ್ಲದಿದ್ದರೆ ಬೆಸುಗೆ ಗಡುಸಾಗಿ ಒಡೆಯುತ್ತದೆ.

ಮರುದಿನ ಡೈ ಪರೀಕ್ಷೆ. ಕೆಂಪು ಬಣ್ಣದ ದ್ರವ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತಾರೆ. ಬಿರುಕಿದ್ದರೆ ಒಳಗೆ ಇಳಿದ ಕೆಂಪು ಬಿಳಿಯ ಮೇಲೆ ಗೆರೆಯಾಗಿ ಏಳುತ್ತದೆ. ಹೊಸ ಬೆಸುಗೆ ನಾಲ್ಕೂ ಕಡೆ ಅಚ್ಚ ಬಿಳಿ. ಆದರೆ ಎಡಗಡೆ ಗಸೆಟ್‌ನ ಹಳೆಯ ಫ್ಯಾಕ್ಟರಿ ಬೆಸುಗೆಯ ತುದಿಯಲ್ಲಿ ಕೂದಲೆಳೆಯಂಥ ಕೆಂಪು ಗೆರೆ ಕಂಡಿತು. ಕಣ್ಣಿಗೆ, ಕೈಗೆ ಎಲ್ಲಿಯೂ ಸಿಕ್ಕಿರಲಿಲ್ಲ ಅದು. ಅಲ್ಲಿ ಕೆರೆದು ಮತ್ತೆ ಬೆಸೆದು ಮತ್ತೆ ಪರೀಕ್ಷೆ ಮಾಡಿದರು. ಡೈ ಕಿಟ್‌ಗೆ ದೊಡ್ಡ ಬೆಲೆ ಏನಿಲ್ಲ. ಅಪಘಾತವಾದ ಯಾವ ಚಾಸಿಯನ್ನೂ ಈ ಪರೀಕ್ಷೆ ಮಾಡದೆ ರಸ್ತೆಗೆ ಬಿಡಬೇಡಿ. ಗಾಡಿಯ ಮೇಲೆ ಕೂರುವುದು ನಮ್ಮ ಮಕ್ಕಳು.

ಹೊರದೇಶದಿಂದ ಬಂದದ್ದು

ಚಾಸಿ ಬರಲಿಲ್ಲ, ಆದರೆ ಅಮೆರಿಕದಿಂದ ಒಂದು ಡಬ್ಬಿ ಬಂತು. ಮುಂದಿನ ಶಾಕಪ್ ಕೊಳವೆಗಳು ಬಾಗಿದ್ದವಲ್ಲ, ಅವುಗಳನ್ನು ನೇರ ಮಾಡಿ ಹಾಕಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಒಮ್ಮೆ ಬಾಗಿದ ಕೊಳವೆ ಮತ್ತೆ ಅಲ್ಲೇ ಬಾಗುತ್ತದೆ, ಹಾರ್ಡ್ ಕ್ರೋಮ್ ಬಿರಿದಿರುತ್ತದೆ, ಸೀಲ್ ತಿನ್ನುತ್ತದೆ. ಹೊಸದಾಗಿ ತಯಾರಿಸಿದ ಜೋಡಿ ಕೊಳವೆ ಅಲ್ಲಿ ಸಿಕ್ಕಿತು. ಹೊಸ ವಸ್ತು, ಹಾಗಾಗಿ ಅನುಮತಿಯ ಮಾತಿಲ್ಲ. ಅದರ ಮೇಲೆ ನೋಂದಣಿ ನಂಬರ್ ಇಲ್ಲ. ಡಬ್ಬಿ ಉದ್ದ 65 ಸೆಂಟಿಮೀಟರ್, ಅಗಲ 12, ಎತ್ತರ 10. ಜಾಗದ ಲೆಕ್ಕ ಎರಡು ಕಿಲೋಗಿಂತ ಕಡಿಮೆ ಬಂತು, ಬಾಡಿಗೆ ಬಿದ್ದದ್ದು ನಿಜವಾದ ತೂಕಕ್ಕೆ. ಕೆವೈಸಿಗೆ ಆಧಾರ್, ಪ್ಯಾನ್ ಕೇಳಿದರು. ಸ್ವಂತ ಬಳಕೆಗೆ ಆದ್ದರಿಂದ ಆಮದುದಾರರ ಐಇಸಿ ನಂಬರ್ ಬೇಕಾಗಲಿಲ್ಲ. ಬಿಲ್ಲಿನಲ್ಲಿ ಬೆಲೆ ಕಡಿಮೆ ತೋರಿಸಲೇ ಅಂತ ಮಾರುವವರು ತಾವಾಗಿ ಕೇಳಿದ್ದರು. ಬೇಡ, ಕೊಟ್ಟಷ್ಟೇ ಬರೆಯಿರಿ ಅಂತ ಉತ್ತರ ಕಳಿಸಿದೆವು. ಸುಂಕ ಸೇರಿ 19,000 ಚಿಲ್ಲರೆ ಆಯಿತು.

ನಾನು ಈಗ ಕೇಳಿದವರಿಗೆಲ್ಲ ಹೇಳುವುದು ಇದನ್ನೇ. ಹೊಸದು, ನಂಬರಿಲ್ಲದ್ದು, ಉದ್ದಕ್ಕೆ ತೆಳ್ಳಗೆ ಇರುವುದು ಅಥವಾ ಪುಟ್ಟದು: ಶಾಕಪ್ ಕೊಳವೆ, ಬಾಲ್ ರೇಸ್, ಪಿಸ್ಟನ್, ರೀಡ್ ವಾಲ್ವ್. ಇವುಗಳನ್ನು ಹೊರದೇಶದಿಂದ ತರಿಸುವುದರಲ್ಲಿ ಅರ್ಥವಿದೆ. ನಂಬರ್ ಇರುವ ಹಳೆಯ ಚಾಸಿಯನ್ನು ತರಿಸುವುದರಲ್ಲಿ ಇಲ್ಲ. ಈಗ ಮಾರಾಟದಲ್ಲಿರುವ ಗಾಡಿಯ ಚಾಸಿ ಹೋಗಿದ್ದರೆ ಹೊರಗೆ ಹುಡುಕುವುದೇ ಬೇಡ. ಡೀಲರ್ ಮೂಲಕ ಕಂಪನಿಗೆ ಬರೆದು, ಆರ್‌ಟಿಒ ಅನುಮತಿ ಪಡೆದು, ಬಿಲ್ ಸಮೇತ ತರಿಸುವುದು ಸರಿ.

ವಿಂಟೇಜ್ ನೋಂದಣಿ ಮಾಡಿಸಬಹುದಲ್ಲ ಅಂತಲೂ ಕೆಲವರು ಕೇಳಿದರು. 2021ರ ಜುಲೈನಲ್ಲಿ ಬಂದ ಆ ನಿಯಮ 50 ವರ್ಷ ದಾಟಿದ ಗಾಡಿಗೆ. 1986ರ ಗಾಡಿಗೆ 2036ರವರೆಗೆ ಕಾಯಬೇಕು. ಚಾಸಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅನ್ನುವ ಷರತ್ತೂ ಇದೆ. ಹಾಗೆ ನೋಂದಣಿಯಾದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಮಾಸ್ತರ್ ಅವರಿಗೆ ಸಪ್ತಾಪುರದಿಂದ ಸುಭಾಸ್ ರೋಡಿಗೆ ಹೋಗಿಬರಬೇಕು, ಪ್ರದರ್ಶನಕ್ಕಿಡಲು ಅಲ್ಲ.

ಕೊನೆಯ ಲೆಕ್ಕ

ಪೈಪು, ಜಿಗ್, ಬೆಸುಗೆ, ಪರೀಕ್ಷೆ, ಬಣ್ಣ ಎಲ್ಲ ಸೇರಿ 38,000. ಶಾಕಪ್ ಕೊಳವೆ 19,000. ಕಚೇರಿಯ ಶುಲ್ಕ, ಬಿ-ಎಕ್ಸ್‌ಟ್ರಾಕ್ಟ್, ಹಾವೇರಿಯಿಂದ ಚಾಸಿ ತಂದು ಮುಟ್ಟಿಸಿದ ಖರ್ಚು ಸೇರಿಸಿದರೂ 60,000ದೊಳಗೆ ಉಳಿಯಿತು. ಜಿಗ್ ಕಾಕಾ ಹತ್ತಿರವೇ ಇದೆ. ಆರ್‌ಡಿ ಇರುವ ಯಾರೇ ಬಂದರೂ ಅಳತೆ ನೋಡಿಕೊಡುತ್ತಾರೆ.

ಬಣ್ಣ ಹಚ್ಚದ ಚಾಸಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ ತೋರಿಸಿದೆವು. ಇನ್‌ಸ್ಪೆಕ್ಟರ್ ಬೆಸುಗೆಗಳನ್ನು ಬೆರಳಾಡಿಸಿ ನೋಡಿ, ಹೊಸದಾಗಿ ಟ್ರೇಸಿಂಗ್ ತೆಗೆದು, ಹಳೆಯದರ ಪಕ್ಕ ಇಟ್ಟು ನೋಡಿದರು. ಕಡತದಲ್ಲಿ ಷರಾ ಬರೆದರು. ಆರ್‌ಸಿಯಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಗಾಡಿ ಕಟ್ಟಿ ಮುಗಿದ ಮೇಲೆ ವಿಮಾ ಕಂಪನಿಗೂ ರಿಪೇರಿಯ ಪತ್ರ ಕಳಿಸಿದೆವು. ಕಲಘಟಗಿವರೆಗೆ ಓಡಿಸಿ ನೋಡಿದಾಗ ಹ್ಯಾಂಡಲ್ ಯಾವ ಕಡೆಗೂ ಎಳೆಯಲಿಲ್ಲ.

ಮುಂದಿನ ಕೆಲಸ 2026ರ ಆರ್‌ಸಿ ನವೀಕರಣ. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಬರುವುದು ಇದು. ಇಪ್ಪತ್ತು ವರ್ಷ ಮೀರಿದ ಬೈಕಿಗೆ 2025ರ ಆಗಸ್ಟ್‌ನಿಂದ ಶುಲ್ಕ 2,000 ರೂಪಾಯಿ ಆಗಿದೆ. ಆ ದಿನ ಬೇರೆ ಇನ್‌ಸ್ಪೆಕ್ಟರ್ ಇರಬಹುದು, ಗಸೆಟ್ ಕೆಳಗಿನ ಬೆಸುಗೆ ಅವರ ಕಣ್ಣಿಗೆ ಬೀಳಬಹುದು. ಅದಕ್ಕೆ ಮಾಸ್ತರ್ ಒಂದು ಫೈಲ್ ಮಾಡಿಟ್ಟಿದ್ದಾರೆ: ಸೀಲ್ ಬಿದ್ದ ಅರ್ಜಿ, ಎರಡೂ ಟ್ರೇಸಿಂಗ್, ಪೈಪಿನ ಬಿಲ್, ಕಾಕಾ ಸಹಿ ಮಾಡಿಕೊಟ್ಟ ಕೆಲಸದ ವಿವರ, ಡೈ ಪರೀಕ್ಷೆಯ ಫೋಟೋಗಳು, ಶಾಕಪ್ ಕೊಳವೆಯ ಸುಂಕದ ರಸೀದಿ. ಮುರಿದ ಎರಡು ಪೈಪುಗಳನ್ನೂ ಗುಜರಿಗೆ ಹಾಕಬೇಡಿ ಅಂತ ಹೇಳಿದ್ದೇನೆ. ನವೀಕರಣ ಆಗುವವರೆಗೆ ಅವೂ ಇರಲಿ.